ಸಿಗರೇಟಿನ ಹೊಗೆಯಿಂದ ಮಿದುಳನ್ನು ಕಾಪಾಡಿಕೊಳ್ಳುವಲ್ಲಿ ಆಹಾರದ ಪಾತ್ರ

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2ರಷ್ಟೇ ಆದರೂ, ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20ರಷ್ಟು ಅದಕ್ಕೇ ಬೇಕು. ನರಕೋಶಗಳ ಪೊರೆಯಲ್ಲಿ ಬೇಗ ಕೆಡುವಂಥ ಕೊಬ್ಬು ಹೇರಳವಾಗಿದೆ. ತೆರೆದಿಟ್ಟ ಎಣ್ಣೆ ಕೆಲವು ದಿನಗಳಲ್ಲಿ ಕಮಟು ವಾಸನೆ ಹಿಡಿಯುತ್ತದಲ್ಲ, ಹೊಗೆಯಿಂದಾಗಿ ದೇಹದಲ್ಲಿ ಹೆಚ್ಚುವ, ಒಂದರಿಂದ ಇನ್ನೊಂದು ಅಣುವನ್ನು ಕೆಡಿಸುತ್ತ ಹೋಗುವ ಅಸ್ಥಿರ ಕಣಗಳಾದ ಫ್ರೀ ರ್ಯಾಡಿಕಲ್‌ಗಳು ಆ ಪೊರೆಯ ಕೊಬ್ಬಿಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಈ ಸರಪಳಿ ಕ್ರಿಯೆಯನ್ನು ನಡುವೆ ತಡೆಯುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು.

ಆದರೆ ಮೊದಲು ಮಾಡಬೇಕಾದದ್ದು ಹೊಗೆಯನ್ನು ನಿಲ್ಲಿಸುವುದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ, ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸುವ ಶಕ್ತಿ ಯಾವ ಹಣ್ಣಿಗೂ ಇಲ್ಲ. ಶುದ್ಧ ಗಾಳಿಯಲ್ಲಿ ಅದರ ಅರ್ಧದಷ್ಟು ಹೊರಹೋಗಲು 4ರಿಂದ 5 ಗಂಟೆ ಬೇಕು. ಮನೆಯಲ್ಲಿ ಬೇರೆಯವರು ಸೇದುತ್ತಿದ್ದರೆ ಕಿಟಕಿ ತೆರೆದಿಟ್ಟರೆ ಸಾಲದು, ಸೇದುವವರು ಹೊರಗೇ ಹೋಗಬೇಕು.

ಆಹಾರದಲ್ಲಿ ಮೊದಲ ಗಮನ ವಿಟಮಿನ್ ಸಿ ಕಡೆಗಿರಲಿ, ಏಕೆಂದರೆ ಧೂಮಪಾನಿಗಳ ದೇಹದಲ್ಲಿ ಅದು ಬೇಗನೆ ವೆಚ್ಚವಾಗುತ್ತದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2000ದಲ್ಲಿ ನೀಡಿದ ಶಿಫಾರಸಿನಂತೆ ಅವರಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚುವರಿಯಾಗಿ, ಅಂದರೆ ಗಂಡಸರಿಗೆ 125 ಮತ್ತು ಹೆಂಗಸರಿಗೆ 110 ಮಿಲಿಗ್ರಾಂ ಬೇಕು. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು, ಅಷ್ಟೇ ತೂಕದ ಕಿತ್ತಳೆಯಲ್ಲಿ 50ರ ಆಸುಪಾಸು ಇರುತ್ತದೆ. ಈ ವಿಟಮಿನ್ ನೀರಿನಲ್ಲಿ ಕರಗಿ ಹೋಗುತ್ತದೆ, ಬಿಸಿಗೂ ನಾಶವಾಗುತ್ತದೆ. ಆದ್ದರಿಂದ ಹಣ್ಣನ್ನು ತಿನ್ನುವ ಹೊತ್ತಿಗೆ ಹೆಚ್ಚಿಕೊಳ್ಳಿ, ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆದು, ನೀರಿನಲ್ಲಿ ಕುದಿಸುವ ಬದಲು ಹಬೆಯಲ್ಲಿ ಬೇಯಿಸಿ. ಪೊರೆಯ ಕೊಬ್ಬನ್ನು ನೇರವಾಗಿ ಕಾಯುವುದು ವಿಟಮಿನ್ ಇ. ಬಾದಾಮಿ, ಸೂರ್ಯಕಾಂತಿ ಬೀಜಗಳಲ್ಲಿ ಅದು ಚೆನ್ನಾಗಿದೆ. ಕ್ಯಾರೆಟ್ ಮತ್ತು ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್ ಮೈಗೆ ಹತ್ತಲು ಜೊತೆಗೆ ಸ್ವಲ್ಪ ಎಣ್ಣೆ ಇರಬೇಕು.

ಇವನ್ನೆಲ್ಲ ಮಾತ್ರೆಯಲ್ಲೇ ನುಂಗಿದರಾಗದೇ ಎಂಬ ಆಲೋಚನೆ ಸಹಜ, ಆದರೆ ಧೂಮಪಾನಿಗಳ ಮಟ್ಟಿಗೆ ಅದು ಅಪಾಯಕಾರಿ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡ 18ರಷ್ಟು ಹೆಚ್ಚಾಗಿತ್ತು. ಆದ್ದರಿಂದ ಸೇದುವವರು ಬೀಟಾ ಕ್ಯಾರೊಟಿನ್ ಮಾತ್ರೆಯನ್ನು ಮುಟ್ಟಲೇಬಾರದು. ಮಲ್ಟಿವಿಟಮಿನ್ ಡಬ್ಬಿಯ ಚೀಟಿಯಲ್ಲೂ ಆ ಹೆಸರಿದೆಯೇ ಎಂದು ಓದಿ ನೋಡಬೇಕು. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತಸ್ರಾವದ ಅಪಾಯ ತರಬಲ್ಲದು. ಅವರು ವೈದ್ಯರನ್ನು ಕೇಳದೆ ಅದನ್ನು ಆರಂಭಿಸಬಾರದು.