ಗಾಯಗೊಂಡ ಹದ್ದುಗಳ ಪಂಜರಕ್ಕೆ ಮಾಡು (ಚಾವಣಿ): ಯಾವ ಸಾಮಗ್ರಿ, ಹೇಗೆ ಕೂರಿಸುವುದು

ಬೆದರಿದ ಹದ್ದು ಮೇಲಕ್ಕೇ ನೆಗೆಯುತ್ತದೆ. ಮಾಂಸ ಇಡಲು ಜನ ಒಳಗೆ ಬಂದಾಗ, ರಾತ್ರಿ ಬೆಕ್ಕು ಸುಳಿದಾಗ, ಹತ್ತಿರದಲ್ಲಿ ಪಟಾಕಿ ಸಿಡಿದಾಗ ಅದು ಗುದ್ದುವುದು ಮಾಡಿನ ಒಳಮೈಗೆ. ಕೊಕ್ಕಿನ ಬುಡದ ಮೆತ್ತನೆಯ ಚರ್ಮ ಕಿತ್ತುಬರುತ್ತದೆ, ರೆಕ್ಕೆಯ ಮಣಿಕಟ್ಟು ತರಚುತ್ತದೆ, ಹಾರುಗರಿಗಳು ಮುರಿಯುತ್ತವೆ. ಮುರಿದ ಗರಿ ಉದುರಿ ಹೊಸದು ಬರಲು ಮುಂದಿನ ಗರಿ ಬದಲಾವಣೆಯವರೆಗೆ, ಅಂದರೆ ಹೆಚ್ಚುಕಮ್ಮಿ ಒಂದು ವರ್ಷ ಕಾಯಬೇಕಾಗಬಹುದು. ಗಾಳಿಪಟದ ಮಾಂಜಾ ದಾರದ ಗಾಯ ವಾಸಿಯಾದ ಹಕ್ಕಿ ಪಂಜರದಿಂದಾಗಿಯೇ ಮತ್ತೆ ಸೆರೆಯಲ್ಲಿ ಉಳಿಯುವುದು ಹೀಗೆ. ಆದ್ದರಿಂದ ಮಾಡಿನ ಒಳಮೈಯನ್ನು ಮೊದಲು ಯೋಚಿಸಿ. ಮಳೆಯ ಲೆಕ್ಕ ಆಮೇಲೆ.

ಇಲ್ಲಿ ಹೇಳುವುದು ಅರಣ್ಯ ಇಲಾಖೆಯ ಅನುಮತಿಯಿರುವ ಆರೈಕೆ ಕೇಂದ್ರಗಳ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹದ್ದು, ಗರುಡ, ಬಿಜ್ಜು (ಶಿಕ್ರಾ), ಗೂಬೆಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಲೆಕ್ಕಕ್ಕೆ 20 ಅಡಿ ಉದ್ದ, 10 ಅಡಿ ಅಗಲದ, ತಗ್ಗಿನ ಬದಿಯಲ್ಲಿ 10 ಅಡಿ ಎತ್ತರವಿರುವ ಪಂಜರವನ್ನು ಇಟ್ಟುಕೊಳ್ಳೋಣ.

ಮೂರರಲ್ಲಿ ಒಂದು ಪಾಲು ಮುಚ್ಚಿ, ಉಳಿದದ್ದು ತೆರೆದಿರಲಿ. ಹದ್ದಿಗೆ ಬಿಸಿಲೂ ಬೇಕು, ಮಳೆಯಲ್ಲಿ ರೆಕ್ಕೆ ಬಿಚ್ಚಿ ನೆನೆಯುವುದೂ ಬೇಕು. ಬೇಡವೆನಿಸಿದಾಗ ಒಳಗೆ ಸರಿಯಲು ಜಾಗ ಇರಬೇಕು. ಕರಾವಳಿ, ಮಲೆನಾಡಿನಲ್ಲಿ ಮುಂಗಾರು ನೈಋತ್ಯದಿಂದ ಬಡಿಯುವುದರಿಂದ ಮುಚ್ಚಿದ ಭಾಗ ಪಶ್ಚಿಮದ ತುದಿಗೆ, ತೆರೆದ ಭಾಗ ಪೂರ್ವಕ್ಕೆ. ಆಗ ಬೆಳಗಿನ ಎಳೆಬಿಸಿಲೂ ಸಿಗುತ್ತದೆ. ರಾತ್ರಿ ಕೂರುವ ಕೋಲನ್ನು ಪಂಜರದ ಅತಿ ಎತ್ತರದ ಜಾಗದಲ್ಲಿ, ಮುಚ್ಚಿದ ಮಾಡಿನ ಕೆಳಗೇ ಇಡಿ. ತೆರೆದ ಭಾಗದಲ್ಲಿ ಅದಕ್ಕಿಂತ ಎತ್ತರದ ಕೋಲಿದ್ದರೆ ಹಕ್ಕಿ ಅಲ್ಲೇ ಕೂತು ರಾತ್ರಿಯಿಡೀ ತೊಯ್ಯುತ್ತದೆ.

ಮುಚ್ಚುವ ಭಾಗಕ್ಕೆ

0.5 ಮಿ.ಮೀ. ದಪ್ಪದ ಬಣ್ಣ ಲೇಪಿತ ಉಕ್ಕಿನ ಶೀಟು ಎಲ್ಲೆಡೆ ಸಿಗುತ್ತದೆ, ಬಾಳಿಕೆ ಚೆನ್ನ. ಬಿಳಿ ಅಥವಾ ತಿಳಿ ಬಣ್ಣದ್ದನ್ನೇ ಆರಿಸಿ. ದೋಷ ಎರಡು: ಏಪ್ರಿಲ್ ಬಿಸಿಲಿಗೆ ಕಾಯುತ್ತದೆ, ಮಳೆ ಬಿದ್ದರೆ ತಮಟೆಯಂತೆ ಬಡಿಯುತ್ತದೆ. ಎರಡಕ್ಕೂ ಮದ್ದು ಒಳಚಾವಣಿ. ಅದರ ಮಾತು ಮುಂದಿದೆ. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿ ರೂಪಿಸಿದ ಬಿದಿರು ಚಾಪೆಯ ಸುಕ್ಕು ಶೀಟು ಸಿಕ್ಕರೆ ಇನ್ನೂ ಒಳ್ಳೆಯದು: ಕಾಯುವುದು ಕಡಿಮೆ, ಸದ್ದೂ ಕಡಿಮೆ. ಮಂಗಳೂರು ಹೆಂಚು ತಂಪು ನಿಜ, ಆದರೆ ಭಾರ. ಮೇಲೆ ಕೋತಿ ಓಡಾಡಿದರೆ ಸರಿಯುತ್ತದೆ, ಸರಿದ ಹೆಂಚು ಹಕ್ಕಿಯ ಮೇಲೇ ಬೀಳುತ್ತದೆ. ಹೆಂಚೇ ಬೇಕೆನ್ನುವವರು ಇಳಿಜಾರು 30 ಡಿಗ್ರಿಯಷ್ಟಿಟ್ಟು, ಕೆಳಗೆ ಒತ್ತಾಗಿ ರೀಪಿನ ಚಾವಣಿ ಹಾಕಿಕೊಳ್ಳಲಿ.

ಕಲ್ನಾರು ಶೀಟು ಬೇಡ. ಕೊರೆದಾಗ, ಒಡೆದಾಗ ಹಾರುವ ನಾರು ಶ್ವಾಸಕೋಶಕ್ಕೆ ವಿಷ, ಹಕ್ಕಿಗೂ ಕೆಲಸದವರಿಗೂ. ಪಾರದರ್ಶಕ ಪಾಲಿಕಾರ್ಬೊನೇಟ್ ಬೆಳಕಿಗೆ ಚೆಂದ ಕಂಡರೂ ಹಕ್ಕಿಗೆ ಅದು ಬಯಲು ಆಕಾಶ. ನೇರ ಹೋಗಿ ಗುದ್ದುತ್ತದೆ. ಬೆಳಕು ಬೇಕೇ ಬೇಕಾದರೆ ಹಾಲುಬಣ್ಣದ್ದು.

ಶೀಟು ಕೂರಿಸುವುದು

ಬಯಲುಸೀಮೆಯಲ್ಲಿ 10 ಅಡಿ ಅಗಲಕ್ಕೆ 2 ಅಡಿ ಏರು ಸಾಕು, ಸುಮಾರು 11 ಡಿಗ್ರಿ. ಮಲೆನಾಡಿನಲ್ಲಿ 2 ಅಡಿ 8 ಇಂಚು ಕೊಡಿ, 15 ಡಿಗ್ರಿಯಾಗುತ್ತದೆ. 12 ಅಡಿ ಉದ್ದದ ಮೂರು ಶೀಟು ಸಾಕು. ಪಕ್ಕದ ಅತಿಕ್ರಮಣ (ಒಂದು ಶೀಟಿನ ಅಂಚು ಇನ್ನೊಂದರ ಮೇಲೆ ಕೂರುವ ಭಾಗ) ಕಳೆದು ಒಂದೊಂದೂ ಸುಮಾರು 3 ಅಡಿ 3 ಇಂಚು ಮುಚ್ಚುತ್ತದೆ. 20 ಅಡಿಯಲ್ಲಿ ಮೂರನೇ ಒಂದು ಪಾಲು, ಅಂದರೆ ಸುಮಾರು 7 ಅಡಿ ಮುಚ್ಚಿ ಎರಡೂ ಬದಿಗೆ ಅಡಿಗಿಂತ ಹೆಚ್ಚು ಸೂರು ಚಾಚುತ್ತದೆ. ಅತಿಕ್ರಮಣದ ಮೇಲಂಚು ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿರಲಿ, ಇಲ್ಲದಿದ್ದರೆ ಮಳೆನೀರು ಸಂದಿಗೆ ನುಗ್ಗುತ್ತದೆ.

ಪರ್ಲಿನ್‌ಗೆ (ಶೀಟನ್ನು ಹೊರುವ ಅಡ್ಡಪಟ್ಟಿಗೆ) 50×25 ಮಿ.ಮೀ., 2 ಮಿ.ಮೀ. ದಪ್ಪದ ಆಯತ ಟ್ಯೂಬು, ಐದು ಸಾಲು. ಟ್ಯೂಬಿನ 50 ಮಿ.ಮೀ. ಬದಿ ನಿಲುವಾಗಿರಬೇಕು. ಶೀಟಿನ ಏಣಿನ (ಉಬ್ಬಿದ ಸಾಲಿನ) ಮೇಲಿಂದ 55 ಮಿ.ಮೀ. ಸ್ಕ್ರೂ ಹೊಡೆದಾಗ ಏಣಿನ ಎತ್ತರ ಸುಮಾರು 28 ಮಿ.ಮೀ. ಕಳೆದು ತುದಿ ಟ್ಯೂಬಿನೊಳಗೇ ಉಳಿಯುತ್ತದೆ. ಟ್ಯೂಬನ್ನು ಅಡ್ಡ ಮಲಗಿಸಿದರೆ ಅದೇ ತುದಿ ಕೆಳಗೆ ಮೊಳೆಯಾಗಿ ಇಣುಕುತ್ತದೆ. ವೆಲ್ಡರ್‌ಗೆ ಇದನ್ನು ಮೊದಲೇ ಬಿಡಿಸಿ ಹೇಳಿ, ಏಕೆಂದರೆ ಮನೆ ಶೆಡ್ಡಿನಲ್ಲಿ ಯಾರೂ ಇದನ್ನು ಲೆಕ್ಕಿಸುವುದಿಲ್ಲ.

ಶೀಟಿಗೆ ಪ್ರತಿ ಪರ್ಲಿನ್‌ನಲ್ಲಿ ನಾಲ್ಕು ಸ್ಕ್ರೂ, ಒಟ್ಟು 60. ಅಂಚು ಹೊಲಿಯಲು, ಹಾಳಾಗುವುದಕ್ಕೆ ಸೇರಿಸಿ 80 ತನ್ನಿ. ರಬ್ಬರ್ ವಾಷರ್ ಅಂಚಿನಲ್ಲಿ ತುಸು ಉಬ್ಬಿದೊಡನೆ ಬಿಗಿಯುವುದು ನಿಲ್ಲಿಸಿ. ಇನ್ನೂ ತಿರುಗಿಸಿದರೆ ವಾಷರ್ ಸೀಳಿ, ಏಣು ತಗ್ಗಿ, ಅಲ್ಲೇ ಸೋರುತ್ತದೆ.

ಒಳಚಾವಣಿಯನ್ನು ಪರ್ಲಿನ್‌ಗಳ ಕೆಳಗೆ, ಶೀಟಿನಿಂದ ಕನಿಷ್ಠ 4 ಇಂಚು ಬಿಟ್ಟು ಕಟ್ಟಿ. ನಯಗೊಳಿಸಿದ ಅಡಿಕೆ ದಬ್ಬೆಯನ್ನು ಸಂದಿಯಿಲ್ಲದಂತೆ ಜೋಡಿಸಬಹುದು, ಇಲ್ಲವೇ ಬಿದಿರು ಚಾಪೆಯ ಹಲಗೆ ಸಾಕು. ಬಿಸಿ ತಡೆಯುವುದರ ಜೊತೆಗೆ ಕಬ್ಬಿಣದ ಮೂಲೆಗಳನ್ನೆಲ್ಲ ಅದು ಮರೆಮಾಡುತ್ತದೆ, ಗುದ್ದಿದ ಹಕ್ಕಿಗೆ ಚಪ್ಪಟೆ ಮೈ ಸಿಗುತ್ತದೆ. ಗಾಳಿ ಹೊರಬೀಳಲು ಎರಡೂ ತುದಿ ತೆರೆದಿಟ್ಟು, ಇಲಿ ಸೇರದಂತೆ ಸಣ್ಣ ಜಾಲರಿ ಬಡಿಯಿರಿ. ಬಿದಿರಿಗೆ ಔಷಧೋಪಚಾರ ಆಗದಿದ್ದರೆ ಕುಟ್ಟೆಹುಳು ಬೇಗ ಪುಡಿ ಮಾಡುತ್ತದೆ.

ತೆರೆದ ಭಾಗಕ್ಕೆ

ಹೆಚ್ಚು ತಪ್ಪಾಗುವುದು ಇಲ್ಲಿ. ಕೋಳಿ ಜಾಲರಿ, ಚೈನ್‌ಲಿಂಕ್, ಬರಿಯ ವೆಲ್ಡ್ ಜಾಲರಿ, ಮೂರೂ ಹಕ್ಕಿಯ ಕೈಗೆ ಸಿಗಬಾರದು. ಉಗುರಿನಿಂದ ನೇತಾಡಿ ಗರಿ ಸವೆಸಿಕೊಳ್ಳುತ್ತದೆ. ಅಪಾರ್ಟ್‌ಮೆಂಟ್ ಬಾಲ್ಕನಿಗೆ ಪಾರಿವಾಳ ತಡೆಯಲು ಕಟ್ಟುವ ತೆಳು ನೈಲಾನ್ ಬಲೆ ಇನ್ನೂ ಕೆಟ್ಟದ್ದು: ಕಾಲಿಗೆ ಸುತ್ತಿಕೊಂಡರೆ ಮಾಂಜಾದಷ್ಟೇ ಕೊಯ್ಯುತ್ತದೆ. ಹಸಿರು ಶೇಡ್ ನೆಟ್ ಒಳಗಡೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬೇಕಾದರೆ ಎಲ್ಲದರ ಮೇಲೆ, ಹೊರಗಿನಿಂದ ಹಾಸಿ.

ಸರಿಯಾದದ್ದು ಎರಡು ಪದರ. ಹೊರಗೆ 1 ಇಂಚು ಚೌಕದ, 14 ಗೇಜಿನ ವೆಲ್ಡ್ ಜಾಲರಿ. ಇದು ಕೋತಿ, ಬೆಕ್ಕು, ಬಿದ್ದ ಕೊಂಬೆಗೆ ತಡೆ. 4 ಅಡಿ ಅಗಲದ ಸುರುಳಿಯಿಂದ 10½ ಅಡಿಯ ನಾಲ್ಕು ಪಟ್ಟಿ ಬೇಕು. 45 ಅಡಿ ಕೇಳಿ. ಅದಕ್ಕಿಂತ 8 ಇಂಚು ಕೆಳಗೆ, ಒಳಗಿನ ಪದರವಾಗಿ, ಬಿಸಿಲು ತಡೆಯುವ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಲೆ: ಗಂಟಿಲ್ಲದ್ದು, ದಾರ 2 ಮಿ.ಮೀ.ಗಿಂತ ಕಡಿಮೆಯಿಲ್ಲದ್ದು. ಕಣ್ಣಿನ ಬದಿ ಹದ್ದು, ಗರುಡಗಳಿಗೆ 1 ಇಂಚು, ಬಿಜ್ಜು, ಹಾಲಕ್ಕಿಗಳಿಗೆ (ಚಿಕ್ಕ ಗೂಬೆಗಳಿಗೆ) ಮುಕ್ಕಾಲು ಇಂಚು. ಮೀನುಬಲೆ ಅಂಗಡಿಯವರು ಕಣ್ಣನ್ನು ಪೂರ್ತಿ ಎಳೆದು ಅಳೆಯುತ್ತಾರೆ. ಅವರ ಎರಡಿಂಚು ಎಂದರೆ ನಮ್ಮ 1 ಇಂಚಿನ ಬದಿ. ಕಣ್ಣು ವಜ್ರಾಕಾರವಾಗಿದ್ದರೆ ಬಲೆ ಒಂದು ಕಡೆ ಎಳೆದಾಗ ಇನ್ನೊಂದು ಕಡೆ ಸಡಿಲವಾಗುತ್ತದೆ, ಹಾಗಾಗಿ ಚೌಕ ಕಣ್ಣಿನದ್ದನ್ನೇ, 13×10½ ಅಡಿಗೆ, ಅಂಚಿಗೆ ಹಗ್ಗ ಹೊಲಿಸಿ ತನ್ನಿ.

ಸುತ್ತ 4 ಮಿ.ಮೀ. ಸ್ಟೇನ್‌ಲೆಸ್ ತಂತಿಹಗ್ಗ 55 ಅಡಿ, ಪ್ರತಿ ಬದಿಗೆ ಒಂದೊಂದು ಟರ್ನ್‌ಬಕಲ್ (ತಂತಿ ಬಿಗಿಸುವ ತಿರುಪು). ಬಲೆಯನ್ನು ಅದಕ್ಕೆ 6 ಇಂಚಿಗೊಂದರಂತೆ ಕಟ್ಟಿ. ಗಂಟಿನ ತುದಿಗಳು ಹೊರಮೈಗೆ ಇರಲಿ. ಪ್ಲಾಸ್ಟಿಕ್ ಕೇಬಲ್ ಟೈ ಬೇಡ, ಕತ್ತರಿಸಿದ ತುದಿ ಬ್ಲೇಡಿನಷ್ಟು ಚೂಪು. ಬಲೆಯನ್ನು ಕೆಳಗಿನಿಂದ ಅಂಗೈಯಲ್ಲಿ ಒತ್ತಿದರೆ 2–3 ಇಂಚು ತಗ್ಗಿ ಮರಳಬೇಕು. ಸಡಿಲವಿದ್ದರೆ ಹಕ್ಕಿ ಸುತ್ತಿಕೊಳ್ಳುತ್ತದೆ, ತಂತಿಯಂತೆ ಬಿಗಿದರೆ ಮೆತ್ತನೆಯ ಬಲೆ ಹಾಕಿದ್ದೇ ವ್ಯರ್ಥ.

ಶೀಟು ಮತ್ತು ಬಲೆ ಸೇರುವ ಕಡೆ ಎಚ್ಚರ. ಶೀಟಿನ ಕೊಯ್ದ ಅಂಚು ಗಾಳಿಗೆ ಅಲುಗಿ ಬಲೆಯನ್ನು ಸೀಳುತ್ತದೆ. ಅಂಚಿಗೆ ಸೀಳಿದ ರಬ್ಬರ್ ಪೈಪು ತೊಡಿಸಿ, ಬಲೆಯನ್ನು ಶೀಟಿಗೆ ತಾಗಿಸದೆ ಅದರ ಕೆಳಗೆ ಬೇರೆ ಪೈಪಿಗೆ ಕಟ್ಟಿ. ಆ ಪೈಪಿನಿಂದ ಒಳಚಾವಣಿಯವರೆಗಿನ ಸಂದಿಯನ್ನು ಹಲಗೆಯಿಂದ ಮುಚ್ಚದಿದ್ದರೆ ಹಕ್ಕಿ ಅಲ್ಲಿ ತಲೆ ತೂರಿಸುತ್ತದೆ.

ಹಕ್ಕಿ ಬಿಡುವ ಮೊದಲು ದೊಡ್ಡ ಅಯಸ್ಕಾಂತವನ್ನು ನೆಲದ ಮೇಲೆ ಎಳೆದು ಡ್ರಿಲ್ಲಿನ ಕಬ್ಬಿಣದ ಚೂರು ಆರಿಸಿ. ಅವು ಮಾಂಸಕ್ಕೆ ಅಂಟಿ ಹೊಟ್ಟೆಗೆ ಹೋಗುತ್ತವೆ. ಮುಂಗಾರಿಗೆ ಮುಂಚೆ ಸ್ಕ್ರೂ, ಟರ್ನ್‌ಬಕಲ್ ನೋಡಿ, ಜಾಲರಿಯ ಮೇಲಿನ ಎಲೆಕಸ ಗುಡಿಸಿ. ಬೇಸಿಗೆ ಮುಗಿದ ಮೇಲೆ ಬಲೆಯ ದಾರವನ್ನು ಬೆರಳಲ್ಲಿ ಉಜ್ಜಿ: ಬಿಳಿ ಪುಡಿ ಅಂಟಿದರೆ ಬಿಸಿಲು ಅದನ್ನು ತಿಂದಿದೆ, ಇಡೀ ಬಲೆಯನ್ನೇ ಬದಲಿಸಿ, ತೇಪೆ ಹಾಕಬೇಡಿ.