ಹೊಯಿಗೆ ಪೊಟ್ಟಣದ ಬಸ್ಕಿ, ಮಲ್ಪೆಯ ಓಟ: ನನ್ನ ಅನುಭವ

ಬಸ್ಕಿಗೆ ಭಾರ ಏರಿಸಲು ನಾನು ಬಳಸುವುದು ಹೊಯಿಗೆ, ಅಂದರೆ ಮರಳು. ಹೊಳೆಯದ್ದೇ ಆಗಬೇಕು. ಕಡಲ ಹೊಯಿಗೆಯ ಉಪ್ಪು ನಮ್ಮ ಉಡುಪಿಯ ಗಾಳಿಯ ತೇವ ಹೀರಿ, ಆಟಿ ತಿಂಗಳ ಮಳೆಗೆ ತೂಕದ ಲೆಕ್ಕವನ್ನೇ ಕೆಡಿಸುತ್ತದೆ. ಎರಡು ದಿನ ಬಿಸಿಲಿಗೆ ಹರಡಿ, ಒಂದೊಂದು ಕಿಲೋ ತೂಗಿ, ಎರಡೆರಡು ತೊಟ್ಟೆಯೊಳಗೆ (ಪ್ಲಾಸ್ಟಿಕ್ ಚೀಲ) ಕಟ್ಟಿ ಟೇಪ್ ಸುತ್ತುತ್ತೇನೆ. ಗಟ್ಟಿ ಪಟ್ಟಿಯ ಹಳೆಯ ಶಾಲೆ ಬ್ಯಾಗಿನ ತಳಕ್ಕೆ ಬೈರಾಸು (ಟವೆಲ್) ತುರುಕಿದರೆ ಪೊಟ್ಟಣಗಳು ಬೆನ್ನಿನ ನಡುವಿಗೆ ಬರುತ್ತವೆ. ಭಾರ ಸೊಂಟಕ್ಕೆ ಜೋತುಬಿದ್ದರೆ ಬಸ್ಕಿ ಹೊಡೆಯುವಾಗ ಹಿಂದಕ್ಕೆ ಎಳೆಯುತ್ತದೆ.

ಶುರು 5 ಕಿಲೋದಿಂದ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. 3 ಸುತ್ತು, ಸುತ್ತಿನ ನಡುವೆ 2 ನಿಮಿಷ. ಪುಸ್ತಕದಲ್ಲಿ ಬರೆಯುವುದು ಭಾರ ಮತ್ತು ಪ್ರತಿ ಸುತ್ತಿನ ಬಸ್ಕಿಯ ಲೆಕ್ಕ ಇಷ್ಟೇ: ‘5 ಕಿಲೋ – 12, 10, 9’. ಇನ್ನೆರಡು ಆಗಬಹುದು ಅನ್ನಿಸುವಾಗಲೇ ಸುತ್ತು ನಿಲ್ಲಿಸುತ್ತೇನೆ. ಹಿಮ್ಮಡಿ ಎದ್ದದ್ದು, ಮೊಣಕಾಲು ಒಳಕ್ಕೆ ವಾಲಿದ್ದು ಲೆಕ್ಕಕ್ಕಿಲ್ಲ. ಸತತ ಎರಡು ಸಲ 12, 12, 12 ಬಂದರೆ ಮಾತ್ರ ಎರಡು ಪೊಟ್ಟಣ ಸೇರುತ್ತದೆ. ಅಂದು ಲೆಕ್ಕ 10, 9, 9ಕ್ಕೆ ಇಳಿದರೆ ಗಾಬರಿ ಬೇಡ, ಇಳಿಯಬೇಕಾದದ್ದೇ.

ಹೆಚ್ಚಿನವರು ಎಡವುವುದು ನಾಲ್ಕನೇ ವಾರದ ಹೊತ್ತಿಗೆ. ಮೊದಲ ವಾರಗಳಲ್ಲಿ ಬರುವ ಬಲದ ಬಹುಪಾಲು ನರಗಳು ಕೆಲಸ ಕಲಿತದ್ದರಿಂದ. ಸ್ನಾಯು ದಪ್ಪವಾಗುವುದು ಆಮೇಲೆ. ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ಹದಗೊಳ್ಳಲು ತಿಂಗಳುಗಳೇ ಬೇಕು. ತೊಡೆ ‘ಆಗ್ತದೆ’ ಅನ್ನುವಾಗ ಮೊಣಕಾಲ ಚಿಪ್ಪಿನ ಕೆಳಗಿನ ರಜ್ಜು ಇನ್ನೂ ತಯಾರಿರುವುದಿಲ್ಲ. ಅದಕ್ಕೇ ನಾಲ್ಕನೇ ವಾರ ಭಾರ ಅಷ್ಟೇ ಇಟ್ಟು 3ರ ಬದಲು 2 ಸುತ್ತು ಮಾಡುತ್ತೇನೆ. ಈ ವಾರವನ್ನು ಹಾರಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಓಟ ಉಳಿದ ದಿನಗಳಲ್ಲಿ ಎರಡು ಸಲ, ಮಲ್ಪೆಯಲ್ಲಿ, ಕಡಲು ಇಳಿದ ಹೊತ್ತಿಗೆ ಒದ್ದೆಯಾಗಿ ಗಟ್ಟಿಯಾದ ಅಂಚಿನಲ್ಲಿ. ಮೇಲಿನ ಸಡಿಲ ಹೊಯಿಗೆಯಲ್ಲಿ ಅದೇ ದೂರಕ್ಕೆ ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು. ಮೀನಖಂಡ, ಹಿಮ್ಮಡಿಯ ರಜ್ಜು ಎರಡೂ ಬಿಗಿಯುತ್ತವೆ. ತೀರ ಓರೆಯಾಗಿರುವುದರಿಂದ ಹೋದಷ್ಟೇ ದೂರ ಅದೇ ಅಂಚಿನಲ್ಲಿ ಹಿಂತಿರುಗಬೇಕು, ಇಲ್ಲವಾದರೆ ಒಂದೇ ಕಾಲು ಯಾವಾಗಲೂ ತಗ್ಗಿನಲ್ಲಿರುತ್ತದೆ. ಮೊದಲ ವಾರ 2 ನಿಮಿಷ ಓಟ, 1 ನಿಮಿಷ ನಡಿಗೆ, ಒಟ್ಟು 20 ನಿಮಿಷ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಆಡಲು ಬರಬೇಕು. ತುಂಡು ತುಂಡಾದರೆ ವೇಗ ಹೆಚ್ಚಾಯಿತು. ವಾರಕ್ಕೆ 2 ನಿಮಿಷ ಸೇರಿಸುತ್ತೇನೆ. ಪೊಟ್ಟಣ ಏರಿದ ವಾರ ಅದೂ ಇಲ್ಲ.

ಏಪ್ರಿಲ್–ಮೇ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಅದೇ ವೇಗಕ್ಕೂ ಎದೆ ಜೋರಾಗಿ ಬಡಿಯುತ್ತದೆ. ಆಗ ವೇಗ ತಗ್ಗಿಸಿ, ನಿಮಿಷ ಮಾತ್ರ ಲೆಕ್ಕ. ಓಟದ ಮೊದಲು, ನಂತರ ತೂಗಿದರೆ ಕಡಿಮೆಯಾದ ಪ್ರತಿ ಕಿಲೋ ಅಂದಾಜು ಒಂದು ಲೀಟರ್ ಬೆವರು. ಅದನ್ನು ತುಂಬಿಸಲು ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ತೆಳಿ ನನಗೆ ಚೆನ್ನಾಗಿ ಒಗ್ಗಿದೆ.

ಮರುದಿನ ಎರಡೂ ತೊಡೆ ಹರಡಿದಂತೆ ನೋಯುವುದು ಸಹಜ, ಎರಡು-ಮೂರು ದಿನಕ್ಕೆ ಇಳಿಯುತ್ತದೆ. ಮೊಣಕಾಲ ಕೆಳಗಿನ ಎಲುಬಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗ ನೋಯುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಜ್ವರ ಬಂದು ವಾರ ತಪ್ಪಿದರೆ, ಎರಡು ಪೊಟ್ಟಣ ಇಳಿಸಿ, ಓಟದಲ್ಲಿ 4 ನಿಮಿಷ ಕಡಿಮೆ ಮಾಡಿ ಮತ್ತೆ ಶುರು.