ನಾಟಕ ನೋಡಿ ಬರೆಯುವ ಹೊಸಬರಿಗೆ

ಹವ್ಯಾಸಿ ತಂಡಗಳ ನಾಟಕ ನೋಡಿ ನಾಲ್ಕು ಸಾಲು ಬರೆಯುವ ಆಸೆಯಿದ್ದವರಿಗೆ ಒಂದು ಮಾತು. ಕತ್ತಲಲ್ಲಿ ಮೊಬೈಲ್ ತೆರೆದು ಟಿಪ್ಪಣಿ ಮಾಡಬೇಡಿ. ಹಿಂದಿನ ಸಾಲಿನವರ ಕಣ್ಣಿಗೆ ಅದು ಟಾರ್ಚ್ ಬಿಟ್ಟಂತೆ. ಅಂಗೈಯಗಲದ ಪುಸ್ತಕ, ಪೆನ್ಸಿಲ್ ಸಾಕು. ನಾನು ಪುಟಕ್ಕೆ ಒಂದೇ ಪದವನ್ನು ದೊಡ್ಡದಾಗಿ ಗೀಚುತ್ತೇನೆ. ಮೊದಮೊದಲು ಸಾಲಿನ ಮೇಲೆ ಸಾಲು ಬಿದ್ದು, ಮನೆಗೆ ಬಂದರೆ ನನ್ನ ಅಕ್ಷರ ನನಗೇ ತಿಳಿಯುತ್ತಿರಲಿಲ್ಲ. ‘ಒಡೆದ ಕೊಡ’, ‘ನೀಲಿ ಬೆಳಕು’ ಎಂದಷ್ಟೇ ಇದ್ದರೂ ಅದೇ ರಾತ್ರಿ ಬರೆಯಲು ಕುಳಿತರೆ ದೃಶ್ಯ ಮರಳಿ ಬರುತ್ತದೆ.

ಕಥೆ ಹೇಳುವುದರಲ್ಲೇ ಅರ್ಧ ಬರಹ ಮುಗಿಸಬೇಡಿ. ಆರೇ ನಟರು ಆಸ್ಥಾನವನ್ನು ಹೇಗೆ ಕಟ್ಟಿದರು ಎಂಬುದನ್ನು ಬರೆಯಿರಿ. ಎಲ್ಲಿ ನೋಡಿದಿರಿ ಎಂಬುದನ್ನೂ ಹೇಳಿ. 1985ರಿಂದ ಊರೂರು ಸುತ್ತುತ್ತಿರುವ ನೀನಾಸಮ್ ರಂಗಸಂಸ್ಥೆಯ ‘ತಿರುಗಾಟ’ ತಂಡದ ನಾಟಕ, ಸಂಸ್ಥೆಯ ಊರಾದ ಹೆಗ್ಗೋಡಿನ ರಂಗಮಂದಿರದಲ್ಲಿ ಕೇಳಿಸುವ ಬಗೆಯೇ ಬೇರೆ, ಪೇಟೆಯ ಶಾಲೆಯ ಅಂಗಳದಲ್ಲಿ ಕೇಳಿಸುವುದೇ ಬೇರೆ.

‘ಅದ್ಭುತ ಅಭಿನಯ’ ಎಂಬ ಮಾತನ್ನು ದಯವಿಟ್ಟು ಬಿಡಿ. ಯಾವ ಗಳಿಗೆಯಲ್ಲಿ, ಏನು ಮಾಡಿದಾಗ?

ಪರದೆ ಬಿದ್ದ ಕೂಡಲೇ ಬಸ್ಸಿಗೆ ಓಡಬೇಡಿ. ಕೊನೆಯಲ್ಲಿ ತಂಡದ ಪರಿಚಯ ಮಾಡಿಕೊಡುತ್ತಾರೆ. ಬೆಳಕು, ಪ್ರಸಾಧನ, ರಂಗಸಜ್ಜಿಕೆಯವರ ಹೆಸರು ಸಿಗುವುದು ಆಗಲೇ.